‘ಉದ್ಭವಿಸುವುದಿಲ್ಲ’: ಮಲೆನಾಡಿನ ಮೂರು ತಾಲ್ಲೂಕು, ಸರ್ಕಾರದ ಉತ್ತರ

ವಿಧಾನಸಭೆಯ ಪ್ರಶ್ನೋತ್ತರದ ಹಾಳೆಯನ್ನು ಒಮ್ಮೆ ಕೈಗೆತ್ತಿಕೊಂಡವರಿಗೆ ಅದರ ಚಹರೆ ಮರೆಯುವುದಿಲ್ಲ. ಎಡಗಡೆ ಪ್ರಶ್ನೆ, ಬಲಗಡೆ ಉತ್ತರ. (ಅ), (ಆ), (ಇ), (ಈ) ಎಂದು ಮೆಟ್ಟಿಲು. ಮೊದಲ ಮೆಟ್ಟಿಲಲ್ಲಿ ಸಾಮಾನ್ಯವಾಗಿ ‘ಸರ್ಕಾರದ ಗಮನಕ್ಕೆ ಬಂದಿದೆಯೇ?’ ಎಂದಿರುತ್ತದೆ. ಬಲಗಡೆ ‘ಬಂದಿದೆ’ ಎಂದಿದ್ದರೆ ಕೆಳಗಿಳಿಯಬಹುದು. ‘ಬಂದಿರುವುದಿಲ್ಲ’ ಎಂದಿದ್ದರೆ ಅಲ್ಲಿಗೆ ಮುಗಿಯಿತು. ಉಳಿದ ಮೂರೂ ಮೆಟ್ಟಿಲಿಗೆ ಒಂದೇ ಪದ, ‘ಉದ್ಭವಿಸುವುದಿಲ್ಲ’. ನಮ್ಮ ಕಡೆ ಉದ್ಭವ ಅಂದರೆ ನೆನಪಾಗುವುದು ಹೊಳೆ. ಶರಾವತಿ ತೀರ್ಥಹಳ್ಳಿಯ ಅಂಬುತೀರ್ಥದಲ್ಲಿ ಉದ್ಭವಿಸುತ್ತದೆ, ವರದೆ ಸಾಗರದ ವರದಾಮೂಲದಲ್ಲಿ. ಪ್ರಶ್ನೆಗಳು ಮಾತ್ರ ಘಟ್ಟದ ತಪ್ಪಲಲ್ಲಿ ಹುಟ್ಟಿ ಬೆಂಗಳೂರು ಮುಟ್ಟುವಷ್ಟರಲ್ಲಿ ಬತ್ತಿರುತ್ತವೆ.

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳಿಂದ ಮತ್ತೆ ಮತ್ತೆ ಏಳುವ ಮೂರು ಪ್ರಶ್ನೆಗಳನ್ನು ಇಲ್ಲಿ ಒಟ್ಟಿಗೆ ನೋಡಬೇಕೆಂದಿದ್ದೇನೆ: ತೆರಿಗೆಯದು, ಪ್ರಾಣಿಹಿಂಸೆಯ ಮೊಕದ್ದಮೆಯದು, ಅಪರಾಧ ತಡೆಗೆ ಬರುವ ಹಣದ್ದು. ಮೂರಕ್ಕೂ ಏನು ಸಂಬಂಧ ಎನ್ನುವವರು ಕೊಯ್ಲಿನ ಕಾಲದಲ್ಲಿ ಒಂದು ಮನೆಯ ಅಂಗಳಕ್ಕೆ ಬರಬೇಕು. ಅಂಗಳದಲ್ಲಿ ಒಣಗುತ್ತಿರುವ ಅಡಿಕೆಯ ಮೇಲೆ ತೆರಿಗೆಯಿದೆ. ಪಕ್ಕದ ಕೊಟ್ಟಿಗೆಯಲ್ಲಿ ನಿನ್ನೆ ಸಂಜೆ ಮೇವಿನಿಂದ ವಾಪಸಾಗದ ದನದ ಜಾಗ ಖಾಲಿಯಿದೆ. ರಾತ್ರಿ ಅಡಿಕೆ ಕಾಯಲು ಮನೆಯವರು ಸರದಿಯಲ್ಲಿ ಜಗುಲಿಯ ಮೇಲೆ ಮಲಗುತ್ತಾರೆ, ಗಸ್ತಿನ ಜೀಪು ಯಾವಾಗ ಬರುತ್ತದೆಂದು ಯಾರಿಗೂ ಗೊತ್ತಿಲ್ಲ. ಒಂದೇ ಅಂಗಳದ ಈ ಮೂರು ಸಂಗತಿ ಸರ್ಕಾರದಲ್ಲಿ ಹಣಕಾಸು, ಪಶುಸಂಗೋಪನೆ, ಒಳಾಡಳಿತ ಎಂದು ಮೂರು ಇಲಾಖೆಗಳಿಗೆ ಹಂಚಿಹೋಗುತ್ತವೆ. ಸರ್ಕಾರ ಕೊಡುವ ಉತ್ತರಗಳು ಸುಳ್ಳು ಎಂದು ನಾನು ಹೇಳುತ್ತಿಲ್ಲ. ಅವು ಬಹುಮಟ್ಟಿಗೆ ನಿಜವೇ. ಆದರೆ ನಾವು ಕೇಳುವುದು ತಾಲ್ಲೂಕಿನ ಲೆಕ್ಕ; ಅವರ ಪುಸ್ತಕದಲ್ಲಿ ತಾಲ್ಲೂಕಿಗೆ ಪುಟವೇ ಇಲ್ಲ.

ತೆರಿಗೆಯ ವಿಷಯದಲ್ಲಿ ಈ ಸೀಮೆ ಸರ್ಕಾರವನ್ನು ಪ್ರಶ್ನಿಸುತ್ತ ಬಂದದ್ದು ಇಂದು ನಿನ್ನೆಯಲ್ಲ. 1645ರಿಂದ 1660ರವರೆಗೆ ಆಳಿದ ಕೆಳದಿಯ ಶಿವಪ್ಪನಾಯಕ ಭೂಮಿಯನ್ನು ಅಳೆಸಿ, ಮಣ್ಣಿನ ಗುಣ ನೋಡಿ ದರ್ಜೆ ಮಾಡಿಸಿ ಕಂದಾಯ ಗೊತ್ತುಮಾಡಿದ. ‘ಶಿವಪ್ಪನಾಯಕನ ಶಿಸ್ತು’ ಎಂದು ಇವತ್ತಿಗೂ ನಾಲಿಗೆಯ ಮೇಲಿರುವುದು ಅದೇ. ಅಡಿಕೆ ತೋಟಕ್ಕೆ ಮರದ ಲೆಕ್ಕ, ಸಾವಿರಕ್ಕಿಷ್ಟು ಎಂದು. 1801ರಲ್ಲಿ ಬಿದನೂರು ನಗರದ ಕಡೆ ಓಡಾಡಿದ ಫ್ರಾನ್ಸಿಸ್ ಬುಕನನ್ ಅದನ್ನು ವಿಚಾರಿಸಿ ಬರೆದಿಟ್ಟ. ಆ ಪದ್ಧತಿಯ ದೊಡ್ಡ ಗುಣ ಅಂದರೆ ರೈತನಿಗೆ ತಾನು ಕೊಡಬೇಕಾದ್ದು ಎಷ್ಟು, ಯಾಕೆ ಎಂಬುದು ತೋಟದಲ್ಲಿ ನಿಂತೇ ಗೊತ್ತಾಗುತ್ತಿತ್ತು. ಮರ ಎಣಿಸಿದರೆ ಸಾಕು.

ಶಿಸ್ತು ಸಡಿಲವಾಗಿ, ಗುತ್ತಿಗೆದಾರರ ಮತ್ತು ಅಮಲ್ದಾರರ ವಸೂಲಿ ಮೇಲಾದಾಗ 1830ರಲ್ಲಿ ಆನಂದಪುರದ ಬಳಿಯ ಹೊಸಂತೆಯಲ್ಲಿ ರೈತರು ಕೂಟ ಸೇರಿದರು. ಕಂದಾಯ ಕೊಡುವುದಿಲ್ಲ ಎಂದರು. ಬೂದಿ ಬಸವಪ್ಪ ನಗರದ ಗದ್ದುಗೆಗೆ ತಾನೇ ವಾರಸುದಾರ ಎಂದು ಎದ್ದ. ಸರ್ಕಾರದ ಉತ್ತರ ಸೈನ್ಯದ ರೂಪದಲ್ಲಿ ಬಂತು. ಆದರೂ ಆ ಪ್ರಶ್ನೆ ವ್ಯರ್ಥವಾಗಲಿಲ್ಲ: 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಆಡಳಿತವೇ ಕಂಪನಿಗೆ ಹೋಯಿತು, ದಂಗೆಯ ಕಾರಣ ಹುಡುಕಲು ಕೂತ ಸಮಿತಿ 1833ರಲ್ಲಿ ವರದಿ ಕೊಟ್ಟಿತು. ಮೈಸೂರು ಸೀಮೆಯಲ್ಲಿ ತೆರಿಗೆಯ ದೂರಿಗೆ ಇಷ್ಟು ದೊಡ್ಡ ಲಿಖಿತ ಉತ್ತರ ಇನ್ನೊಂದು ಸಿಕ್ಕಿದ್ದು ನನಗೆ ನೆನಪಿಲ್ಲ.

ಆಮೇಲೆ 1881ರಲ್ಲಿ ದಿವಾನ್ ರಂಗಾಚಾರ್ಲು ಪ್ರಜಾಪ್ರತಿನಿಧಿ ಸಭೆ ಕೂಡಿಸಿದರು. ತಾಲ್ಲೂಕುಗಳಿಂದ ರೈತರು, ವರ್ತಕರು ದಸರೆಗೆ ಮೈಸೂರಿಗೆ ಹೋಗಿ ತಮ್ಮೂರಿನ ಅಹವಾಲು ಹೇಳುವ ಏರ್ಪಾಡು. ಮತದಾನವಿರಲಿಲ್ಲ, ಅಧಿಕಾರವಿರಲಿಲ್ಲ, ಆದರೆ ಅಹವಾಲು ತಾಲ್ಲೂಕಿನ ಹೆಸರಿನಲ್ಲಿ ಹೋಗುತ್ತಿತ್ತು. ಆ ಒಂದು ಅನುಕೂಲ ನಾವು ಕಳೆದುಕೊಂಡದ್ದು ಹೇಗೆಂದು ಮುಂದೆ ಹೇಳುತ್ತೇನೆ.

ಈಗಿನ ಅಡಿಕೆಯ ತೆರಿಗೆಗೆ ಬರೋಣ. 2017ರ ಜುಲೈ 1ರಿಂದ ಜಿಎಸ್‌ಟಿ ಬಂತು. ಒಣ ಅಡಿಕೆಗೆ ಶೇ 5, ಹಸಿ ಅಡಿಕೆಗೆ ಇಲ್ಲ. ತಾನು ಬೆಳೆದದ್ದನ್ನು ಮಾರುವ ರೈತ ನೋಂದಣಿ ಮಾಡಿಸಬೇಕಿಲ್ಲ. ತೆರಿಗೆ ಏನಿದ್ದರೂ ಮಂಡಿಯಿಂದಾಚೆಗೆ. ಇಷ್ಟು ಎಲ್ಲರಿಗೂ ಗೊತ್ತಿರುವುದೇ. ಗೊತ್ತಿಲ್ಲದ ಅಥವಾ ಗೊತ್ತಿದ್ದೂ ಮಾತಿಗೆ ಬಾರದ ಸಂಗತಿ ಬೇರೆಯಿದೆ. ಮೊದಲು ಅಡಿಕೆ ಲೋಡು ಹೊರರಾಜ್ಯಕ್ಕೆ ಹೋದಾಗ ಕೇಂದ್ರ ಮಾರಾಟ ತೆರಿಗೆ ಎಂದು ಶೇ 2ರಷ್ಟು ವಸೂಲಾಗಿ, ಸರಕು ಹೊರಟ ರಾಜ್ಯಕ್ಕೇ, ಅಂದರೆ ಕರ್ನಾಟಕಕ್ಕೇ ಸಿಗುತ್ತಿತ್ತು. ಜಿಎಸ್‌ಟಿ ಅದನ್ನು ಬುಡಮೇಲು ಮಾಡಿತು. ಅದು ಅನುಭೋಗದ ಜಾಗದ ತೆರಿಗೆ. ಸಾಗರದ ಚಾಲಿಯೋ ತೀರ್ಥಹಳ್ಳಿಯ ರಾಶಿ ಇಡಿಯೋ ಕಾನ್ಪುರಕ್ಕೆ, ನಾಗಪುರಕ್ಕೆ, ದೆಹಲಿಗೆ ಹೋಗಿ ಅಲ್ಲಿ ಬಾಯಿಗೆ ಬಿದ್ದರೆ ರಾಜ್ಯದ ಪಾಲು ಆ ರಾಜ್ಯದ್ದು. ಇಲ್ಲಿ ಮರ ಹತ್ತಿ ಕೊನೆ ಕೊಯ್ದವನ ರಾಜ್ಯಕ್ಕೆ ಇಲ್ಲೇ ಜಗಿದದ್ದರ ಲೆಕ್ಕ ಮಾತ್ರ. ರಾಜ್ಯಗಳಿಗೆ ಕೊಡುತ್ತಿದ್ದ ನಷ್ಟ ಪರಿಹಾರವೂ ಐದು ವರ್ಷ ನಡೆದು 2022ರ ಜೂನ್‌ಗೆ ನಿಂತಿತು.

ಹಾಗಾಗಿ ‘ಸಾಗರ ತಾಲ್ಲೂಕಿನ ಅಡಿಕೆಯಿಂದ ಸರ್ಕಾರಕ್ಕೆ ಬಂದ ತೆರಿಗೆ ಎಷ್ಟು?’ ಎಂದು ಯಾರಾದರೂ ಕೇಳಿದರೆ, ಹಣಕಾಸು ಇಲಾಖೆ ನೋಂದಾಯಿತ ವರ್ತಕರ ಲೆಕ್ಕ ಕೊಡಬಹುದು, ಸ್ಥಳೀಯ ಕಚೇರಿಯ ವಸೂಲಿ ಕೊಡಬಹುದು. ಕೇಳಿದವನಿಗೆ ಬೇಕಾದ ಸಂಖ್ಯೆ ಅದಲ್ಲ. ಅದು ಹಲವು ರಾಜ್ಯಗಳ ಖಜಾನೆಗಳಲ್ಲಿ ಚದುರಿಹೋಗಿದೆ. ಶಿವಪ್ಪನಾಯಕನ ಕಾಲದಲ್ಲಿ ತೋಟದಲ್ಲಿ ನಿಂತು ಹೇಳಬಹುದಾಗಿದ್ದ ಲೆಕ್ಕವನ್ನು ಈಗ ವಿಧಾನಸೌಧದಲ್ಲಿ ನಿಂತೂ ಹೇಳಲಾಗುವುದಿಲ್ಲ.

ಉಳಿದ ಅರ್ಧ ಪ್ರಶ್ನೆಗಳು ದೆಹಲಿಯ ಕಡೆ ಬೆರಳು ತೋರಿಸಿ ಮುಗಿಯುತ್ತವೆ, ಅದರಲ್ಲಿ ನ್ಯಾಯವೂ ಇದೆ. ಆಮದು ಕೇಂದ್ರದ ವಿಷಯ. ಕನಿಷ್ಠ ಆಮದು ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿದ್ದು 2023ರ ಫೆಬ್ರುವರಿಯಲ್ಲಿ. ಅದಕ್ಕೂ ಐದು ತಿಂಗಳ ಹಿಂದೆ, 2022ರ ಸೆಪ್ಟೆಂಬರಿನಲ್ಲಿ, ಭೂತಾನಿನಿಂದ 17,000 ಟನ್ ಹಸಿ ಅಡಿಕೆಗೆ ಆ ಬೆಲೆಯ ಕಟ್ಟಿಲ್ಲದೆ ಬಾಗಿಲು ತೆರೆದದ್ದೂ ಅದೇ ಕೇಂದ್ರ. ರಾಜ್ಯದ ಕೈಯಲ್ಲಿ ಪೂರ್ತಿ ಉಳಿದಿದ್ದು ಎಪಿಎಂಸಿ ಶುಲ್ಕ. ಅದು 2020ರಲ್ಲಿ ಶೇ 1.5ರಿಂದ 0.35ಕ್ಕೆ ಇಳಿದು, ಮತ್ತೆ 0.60ಕ್ಕೆ ಹತ್ತಿತು. ಅದೇ ವರ್ಷದ ತಿದ್ದುಪಡಿಯಿಂದ ಪ್ರಾಂಗಣದ ಹೊರಗಿನ ಖರೀದಿಗೆ ಶುಲ್ಕವೇ ಇಲ್ಲವಾಯಿತು. ರೈತನಿಗೆ ಉಳಿತಾಯ ಎಂದು ಹೇಳಿದರು. ಪ್ರಾಂಗಣದ ದೀಪ, ರಸ್ತೆ, ಕಾವಲು ಆ ಶುಲ್ಕದಲ್ಲೇ ನಡೆಯುತ್ತಿತ್ತು ಎಂಬುದನ್ನು ಹೇಳಲಿಲ್ಲ. ಅಡಿಕೆ ಕಳವಿನ ಮಾತು ಬಂದಾಗ ಈ ವಾಕ್ಯ ನೆನಪಿರಲಿ.

ಬಿಲ್ಲಿಲ್ಲದ ವ್ಯಾಪಾರದ ಬಗ್ಗೆ ಒಂದು ಮಾತು. 1939ರಷ್ಟು ಹಿಂದೆ ಹುಟ್ಟಿದ ಮ್ಯಾಮ್ಕೋಸ್‌ನಂಥ ಸಹಕಾರ ಸಂಘಗಳಲ್ಲಿ ಮಾರಿದರೆ ಪ್ರತಿ ಕಿಲೋಗೂ ಚೀಟಿಯಿದೆ. ಮನೆಬಾಗಿಲಿಗೆ ಪಿಕಪ್ ತಂದು ನಗದು ಎಣಿಸುವವರ ಹತ್ತಿರ ಇರುವುದಿಲ್ಲ. 2018ರ ಏಪ್ರಿಲಿನಿಂದ 50,000 ರೂಪಾಯಿ ಮೀರಿದ ಸರಕು ಸಾಗಿಸಲು ಇ-ವೇ ಬಿಲ್ ಬೇಕು. ಒಳ್ಳೆಯ ಧಾರಣೆಯ ದಿನ ಒಂದು ಕ್ವಿಂಟಲ್ ರಾಶಿ ಇಡಿಯೇ ಆ ಗೆರೆ ದಾಟುತ್ತದೆ. ತೆರಿಗೆ ತಪ್ಪಿಸಿದ ಪ್ರಕರಣಗಳ ಬಗ್ಗೆ ಪ್ರಶ್ನೆ ಕೇಳುವ ನಮ್ಮಲ್ಲಿ ಎಷ್ಟು ಜನ ಆ ಪಿಕಪ್ಪಿಗೆ ಅಡಿಕೆ ಹಾಕಿಲ್ಲ, ನೋಡಿಕೊಳ್ಳಬೇಕು.

ಇನ್ನು ದನದ ವಿಷಯ.

ಮಲೆನಾಡು ಗಿಡ್ಡದ ಮೇಯುವ ಕ್ರಮ ಗೊತ್ತಿಲ್ಲದವರಿಗೆ ಇಲ್ಲಿಯ ದನಗಳ್ಳತನ ಅರ್ಥವಾಗುವುದಿಲ್ಲ. ಇವು ಕಟ್ಟಿ ಸಾಕುವ ದನವಲ್ಲ. ಬೆಳಿಗ್ಗೆ ಬಿಟ್ಟರೆ ಕಾಡು, ಗುಡ್ಡ, ರಸ್ತೆ ಬದಿ ಸುತ್ತಿ ಸಂಜೆ ತಾವೇ ಬರುತ್ತವೆ. ಮಳೆಗಾಲದಲ್ಲಿ ಬೆಚ್ಚಗಿದೆಯೆಂದು ಟಾರು ರಸ್ತೆಯ ಮೇಲೆ, ಬಸ್ ತಂಗುದಾಣದಲ್ಲಿ ರಾತ್ರಿ ಮಲಗುತ್ತವೆ. ಗಾತ್ರ ಚಿಕ್ಕದು. ಹಿಂದಿನ ಸೀಟು ಕಿತ್ತ ಕಾರಿನಲ್ಲಿ ತುರುಕಬಹುದು. ಕಾಲು, ಬಾಯಿ ಕಟ್ಟಿ ಒಂದರ ಮೇಲೊಂದು ಒಟ್ಟಿದ ದನಗಳನ್ನು ಬೆಳಗಿನ ಜಾವ ತಪಾಸಣೆಯಲ್ಲಿ ಇಳಿಸುವಾಗ ಅರ್ಧಕ್ಕರ್ಧ ಉಸಿರು ಹೋಗಿರುವುದನ್ನು ಕಂಡವರು ಈ ಮೂರು ತಾಲ್ಲೂಕಿನಲ್ಲಿ ಬೇಕಾದಷ್ಟು ಜನ ಇದ್ದಾರೆ.

ಆ ಒಂದು ಕಾರಿನ ಮೇಲೆ ಎಷ್ಟು ಕಾನೂನು ಬೀಳುತ್ತದೆ? ಕಳವಿಗೆ ಭಾರತೀಯ ನ್ಯಾಯ ಸಂಹಿತೆ. ಹತ್ಯೆಗೆ ಸಾಗಿಸಿದ್ದಕ್ಕೆ 2020ರ ಕರ್ನಾಟಕ ಜಾನುವಾರು ಹತ್ಯೆ ಪ್ರತಿಬಂಧಕ ಮತ್ತು ಸಂರಕ್ಷಣಾ ಕಾಯ್ದೆ. ವಾಹನಕ್ಕೆ ಮೋಟಾರು ವಾಹನ ಕಾಯ್ದೆ. ಹಿಂಸೆಗೆ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆ. ನಾಲ್ಕನೆಯದು ಎಫ್‌ಐಆರಿನಲ್ಲಿ ಬಾಲದ ಹಾಗೆ ಕೊನೆಗೆ ಸೇರುತ್ತದೆ, ಅದಕ್ಕೆ ಕಾರಣ ಆ ಕಾಯ್ದೆಯೊಳಗೇ ಇದೆ.

1960ರ ಕಾಯ್ದೆಯ 11ನೇ ಸೆಕ್ಷನ್ ಪ್ರಕಾರ ಮೊದಲ ಸಲ ಹಿಂಸೆ ಕೊಟ್ಟವನಿಗೆ ದಂಡ ಕನಿಷ್ಠ 10 ರೂಪಾಯಿ, ಗರಿಷ್ಠ 50 ರೂಪಾಯಿ. ಮೂರು ವರ್ಷದೊಳಗೆ ಮತ್ತೆ ಸಿಕ್ಕಿಬಿದ್ದರೆ 25ರಿಂದ 100 ರೂಪಾಯಿ, ಇಲ್ಲವೇ ಮೂರು ತಿಂಗಳವರೆಗೆ ಜೈಲು. ದಶಕಗಳಿಂದ ಇದು ಹಾಗೇ ನಿಂತಿದೆ. 2022ರಲ್ಲಿ ಕೇಂದ್ರ ತಿದ್ದುಪಡಿಯ ಕರಡು ಹೊರಡಿಸಿ ಜನರ ಅಭಿಪ್ರಾಯ ಕೇಳಿತು, ಕಾಯ್ದೆಯಾಗಲಿಲ್ಲ. ಕ್ವಿಂಟಲಿಗೆ ಐವತ್ತು ಸಾವಿರದ ಧಾರಣೆಯಲ್ಲಿ ಮೊದಲ ಸಲದ ಗರಿಷ್ಠ ದಂಡಕ್ಕೆ ಬರುವುದು ನೂರು ಗ್ರಾಂ ಅಡಿಕೆ.

ದಂಡ ಕಡಿಮೆಯೆಂಬುದು ದೊಡ್ಡ ತೊಡಕಲ್ಲ. ಅದರ ಹಿಂದೆ ಇನ್ನೆರಡಿವೆ. 31ನೇ ಸೆಕ್ಷನ್ ಪ್ರಕಾರ ಅಂಗಭಂಗ, ಪ್ರಾಣಿಗಳ ಕಾದಾಟದಂಥ ಕೆಲವು ಬಾಬತ್ತು ಬಿಟ್ಟರೆ ಉಳಿದದ್ದು ಪೊಲೀಸರು ತಾವೇ ತನಿಖೆಗೆ ಇಳಿಯಬಹುದಾದ ಅಪರಾಧವಲ್ಲ. ಪ್ರಾಣಿಯನ್ನು ಹಿಂಸೆಯಾಗುವಂತೆ ಸಾಗಿಸಿದ್ದೂ ಆ ಪಟ್ಟಿಯಲ್ಲಿಲ್ಲ. ಮ್ಯಾಜಿಸ್ಟ್ರೇಟರ ಅನುಮತಿ ಬೇಕು. 36ನೇ ಸೆಕ್ಷನ್ ಇನ್ನೂ ಬಿಗಿ: ಕೃತ್ಯ ನಡೆದ ಮೂರು ತಿಂಗಳೊಳಗೆ ಮೊಕದ್ದಮೆ ಹೂಡದಿದ್ದರೆ ಅವಕಾಶವೇ ಹೋಯಿತು. ಮರಣೋತ್ತರ ವರದಿ, ಸಾಕ್ಷಿ, ಸಿಬ್ಬಂದಿ ಬದಲಾವಣೆ, ನಡುವೆ ಗಣೇಶನ ಹಬ್ಬದ ಬಂದೋಬಸ್ತು, ಚುನಾವಣೆಯಿದ್ದರೆ ಅದರದ್ದೂ. ಮೂರು ತಿಂಗಳು ಹೇಗೆ ಹೋಯಿತೆಂದು ಯಾರಿಗೂ ತಿಳಿಯುವುದಿಲ್ಲ. ಪ್ರಾಣಿಹಿಂಸೆಯ ಮೊಕದ್ದಮೆ ಯಾಕೆ ಕಡಿಮೆ ಎಂಬ ಪ್ರಶ್ನೆಗೆ ‘ನಿಯಮಾನುಸಾರ ಕ್ರಮ ಕೈಗೊಳ್ಳಲಾಗುತ್ತಿದೆ’ ಎಂಬ ಉತ್ತರ ಬಂದಾಗ, ಆ ನಿಯಮ ಯಾವುದೆಂದು ಬಿಡಿಸಿ ಓದಬೇಕಾದ್ದು ಇಲ್ಲಿ.

ಹೀಗಾಗಿ ಪೊಲೀಸರ ಕೈ ಸಹಜವಾಗಿ ಹೋಗುವುದು ರಾಜ್ಯದ ಕಾಯ್ದೆಯ ಕಡೆಗೆ. 1964ರ ಹಳೆಯ ಕಾಯ್ದೆಯಲ್ಲಿ ಹೆಚ್ಚೆಂದರೆ ಆರು ತಿಂಗಳ ಜೈಲು, ಸಾವಿರ ರೂಪಾಯಿ ದಂಡ. ವಯಸ್ಸಾದ ಎತ್ತು, ಹೋರಿಗಳ ವಧೆಗೆ ಪ್ರಮಾಣಪತ್ರದ ದಾರಿಯೂ ಇತ್ತು. 2020ರ ಡಿಸೆಂಬರಿನಲ್ಲಿ ವಿಧಾನಸಭೆ ಒಪ್ಪಿ, ಸುಗ್ರೀವಾಜ್ಞೆಯಾಗಿ 2021ರ ಜನವರಿಯಲ್ಲಿ ಜಾರಿಯಾಗಿ, ಫೆಬ್ರುವರಿಯಲ್ಲಿ ಪರಿಷತ್ತನ್ನೂ ದಾಟಿದ ಹೊಸ ಕಾಯ್ದೆಯಲ್ಲಿ ಶಿಕ್ಷೆ ಮೂರರಿಂದ ಏಳು ವರ್ಷ, ದಂಡ 50,000ದಿಂದ ಐದು ಲಕ್ಷ. ವಿನಾಯಿತಿ ಉಳಿದದ್ದು 13 ವರ್ಷ ದಾಟಿದ ಎಮ್ಮೆ ಕೋಣಗಳಿಗೆ. ಅದೇ ಕಾರು, ಅದೇ ದನ: ಒಂದು ಕಾಯ್ದೆಯಲ್ಲಿ ಐವತ್ತು ರೂಪಾಯಿ, ಇನ್ನೊಂದರಲ್ಲಿ ಐದು ಲಕ್ಷ.

ಎರಡನೆಯದು ಹತ್ಯೆಯನ್ನು ತಡೆಯುವ ಕಾಯ್ದೆ, ಹಿಂಸೆಯನ್ನು ತಡೆಯುವುದಲ್ಲ ಎಂಬುದನ್ನು ಮರೆಯಬಾರದು. ಇದರ ಅಡಿಯಲ್ಲಿ ದಾಖಲಾದ ಪ್ರಕರಣಗಳ ಸಂಖ್ಯೆಯನ್ನು ಪ್ರಾಣಿಹಿಂಸೆಯ ಅಂಕಿಯೆಂದು ಓದಿದರೆ ನಾಯಿ, ಕುದುರೆ, ಕೋಳಿ, ಮಂಗ ಲೆಕ್ಕದಿಂದ ಬಿದ್ದುಹೋಗುತ್ತವೆ. 2021ರ ಸೆಪ್ಟೆಂಬರಿನಲ್ಲಿ ನಮ್ಮದೇ ಜಿಲ್ಲೆಯ ಭದ್ರಾವತಿ ತಾಲ್ಲೂಕಿನ ಕಂಬದಾಳು ಹೊಸೂರಿನಲ್ಲಿ ನೂರಕ್ಕೂ ಹೆಚ್ಚು ಬೀದಿನಾಯಿಗಳನ್ನು ಕೊಂದು ಹೂತದ್ದು ಹೊರಬಿದ್ದು ಹಲವರ ಬಂಧನವಾಯಿತು. ಅದಕ್ಕೆ ಎರಡು ತಿಂಗಳ ಮೊದಲು ಹಾಸನ ಜಿಲ್ಲೆಯ ಚೌಡನಹಳ್ಳಿಯ ಬಳಿ ಚೀಲಗಳಲ್ಲಿ 38 ಮಂಗಗಳ ಶವ ಸಿಕ್ಕಿ, ಹೈಕೋರ್ಟ್ ತಾನಾಗಿಯೇ ಪ್ರಕರಣ ಎತ್ತಿಕೊಂಡಿತು. ಎರಡೂ ಸುದ್ದಿಯಾದದ್ದು ಸಂಖ್ಯೆಯ ದೆಸೆಯಿಂದ. ತೋಟಕ್ಕೆ ನುಗ್ಗುವ ಹಂದಿಗೆ ಇಟ್ಟ ಸಿಡಿಮದ್ದು ಕಚ್ಚಿ ದವಡೆ ಸಿಡಿದ ದನ, ಉರುಳಿಗೆ ಬಿದ್ದ ನಾಯಿ ಯಾವ ಅನುಬಂಧದಲ್ಲೂ ಬರುವುದಿಲ್ಲ. ಮಾಡಿದವರು ನಮ್ಮವರೇ, ನೆರೆಮನೆಯವರೇ, ದೂರು ಕೊಡುವವರಿಲ್ಲ.

ಕೋಳಿ ಅಂಕದ್ದು ಇನ್ನೊಂದು ಬಗೆ. ಜಾತ್ರೆಯ ಮರುದಿನ ಗದ್ದೆಯಲ್ಲೋ ಹಾಡ್ಯದಲ್ಲೋ ನಡೆಯುವ ಅಂಕಕ್ಕೆ ಪೊಲೀಸರು ದಾಳಿ ಮಾಡಿದರೆ ಮುಖ್ಯವಾಗಿ ಹಾಕುವುದು ಕರ್ನಾಟಕ ಪೊಲೀಸ್ ಕಾಯ್ದೆಯ ಜೂಜಿನ ಸೆಕ್ಷನ್. ಸರ್ಕಾರದ ಅಂಕಿಯಲ್ಲಿ ಅದು ಜೂಜಾಗುತ್ತದೆ. ಕಾಲಿಗೆ ಕತ್ತಿ ಕಟ್ಟಿಸಿಕೊಂಡ ಕೋಳಿ ಅಂಕಿಯಾಗುವುದೇ ಇಲ್ಲ. ಪ್ರಾಣಿಬಲಿಗೆ 1959ರದೇ ರಾಜ್ಯ ಕಾಯ್ದೆಯಿದೆ; ಮೂರು ವರ್ಷಕ್ಕೊಮ್ಮೆ ನಡೆಯುವ ಸಾಗರದ ಮಾರಿಕಾಂಬಾ ಜಾತ್ರೆಯಂಥ ಸಂದರ್ಭಗಳಲ್ಲಿ ಅದರ ಹೆಸರು ಕೇಳುತ್ತದೆ, ಮತ್ತೆ ಮೂರು ವರ್ಷ ಮಲಗುತ್ತದೆ.

2024ರ ಜುಲೈ 1ರಿಂದ ಒಂದು ಬದಲಾವಣೆ ಸದ್ದಿಲ್ಲದೆ ಬಂದಿದೆ. ಹಳೆಯ ದಂಡ ಸಂಹಿತೆಯ 428, 429ನೇ ಸೆಕ್ಷನ್‌ಗಳು ಹತ್ತು ರೂಪಾಯಿಯ ಪ್ರಾಣಿ, ಐವತ್ತು ರೂಪಾಯಿಯ ಪ್ರಾಣಿ ಎಂದು ಬೆಲೆ ಕಟ್ಟುತ್ತಿದ್ದವು. ಹೊಸ ಸಂಹಿತೆಯ 325ನೇ ಸೆಕ್ಷನ್‌ನಲ್ಲಿ ಬೆಲೆಯ ಮಾತಿಲ್ಲ. ಯಾವುದೇ ಪ್ರಾಣಿಯನ್ನು ಕೊಂದರೆ, ವಿಷವಿಟ್ಟರೆ, ಅಂಗವಿಹೀನ ಮಾಡಿದರೆ ಐದು ವರ್ಷದವರೆಗೆ ಶಿಕ್ಷೆ, ಪೊಲೀಸರು ನೇರವಾಗಿ ತನಿಖೆ ಮಾಡಬಹುದು. ಮೂರು ತಿಂಗಳ ಉರುಳೂ ಇದಕ್ಕಿಲ್ಲ. ಠಾಣೆಗೆ ದೂರು ಒಯ್ಯುವವರು ಈ ಸಂಖ್ಯೆಯನ್ನು ಬಾಯಿಪಾಠ ಮಾಡಿಕೊಳ್ಳುವುದು ಒಳ್ಳೆಯದು.

ದನದ ಪ್ರಶ್ನೆಯಲ್ಲಿ ನಮಗೆ ನಾವೇ ಕೇಳಿಕೊಳ್ಳದ ಭಾಗವೊಂದಿದೆ. ಹಿಂದೆ ಅಡ್ಡಾಡಿ ದನಕ್ಕೆ ಊರಿನ ದೊಡ್ಡಿಯಿತ್ತು. ಪರರ ಗದ್ದೆ ಹೊಕ್ಕ ದನವನ್ನು ದೊಡ್ಡಿಗೆ ಹೊಡೆದರೆ ಯಜಮಾನ ದಂಡ ಕಟ್ಟಿ ಬಿಡಿಸಿಕೊಳ್ಳಬೇಕಿತ್ತು. ದೊಡ್ಡಿಗಳು ಪಾಳುಬಿದ್ದವು. ಗೊಡ್ಡು ದನಕ್ಕೆ, ಗಂಡು ಕರುವಿಗೆ ಕೊಳ್ಳುವವರಿಲ್ಲ, ಸಾಕಲು ಆಳಿಲ್ಲ. ರಾತ್ರಿ ಪೇಟೆಯ ರಸ್ತೆಯಲ್ಲಿ ಮಲಗಿರುವ ದನಗಳಲ್ಲಿ ಎಲ್ಲವೂ ದಾರಿ ತಪ್ಪಿದವಲ್ಲ. ಹೊಸನಗರ ತಾಲ್ಲೂಕಿನ ರಾಮಚಂದ್ರಾಪುರ ಮಠ 2007ರ ಏಪ್ರಿಲಿನಲ್ಲಿ ವಿಶ್ವ ಗೋ ಸಮ್ಮೇಳನ ನಡೆಸಿದಾಗ ನಾಡೆಲ್ಲ ಅತ್ತ ನೋಡಿತ್ತು, ಮಠದ ಗೋಶಾಲೆ ದೇಸೀ ತಳಿಗಳಿಗೆ ಹೆಸರಾಗಿದೆ. ಆದರೆ ಮೊಕದ್ದಮೆಯ ದನ ಬೇರೆ. ಅದು ನ್ಯಾಯಾಲಯದ ಸ್ವತ್ತು. ತೀರ್ಪು ಬರುವವರೆಗೆ ಯಾರಾದರೂ ಹುಲ್ಲು ಹಾಕಬೇಕು. ಮೊಕದ್ದಮೆಯ ಪ್ರಾಣಿಗಳ ಪಾಲನೆಯ ವೆಚ್ಚ ಆರೋಪಿಯಿಂದ ವಸೂಲಾಗಬೇಕೆಂದು 2017ರ ಕೇಂದ್ರ ನಿಯಮ ಹೇಳುತ್ತದೆ. ನಮ್ಮ ಮೂರು ತಾಲ್ಲೂಕಿನಲ್ಲಿ ಎಷ್ಟು ವಸೂಲಾಯಿತು? ಕೇಳಬೇಕಾದ ಪ್ರಶ್ನೆ.

ಈ ತಾಲ್ಲೂಕುಗಳಿಗೆ ಪ್ರಶ್ನೆ ಕೇಳುವ ಬಾಯಿ ಇರಲಿಲ್ಲವೆನ್ನಲಾಗದು. 1952ರಲ್ಲಿ ಸಾಗರ–ಹೊಸನಗರ ಕ್ಷೇತ್ರದಿಂದ ಗೆದ್ದ ಶಾಂತವೇರಿ ಗೋಪಾಲಗೌಡರಿಗಿಂತ ಗಟ್ಟಿಯಾದ ಧ್ವನಿ ಆ ಸದನದಲ್ಲಿ ಕಡಿಮೆ. ಕಾಗೋಡು ತಿಮ್ಮಪ್ಪ 2013ರಿಂದ 2016ರವರೆಗೆ ಸಭಾಧ್ಯಕ್ಷರಾಗಿ ಪ್ರಶ್ನೋತ್ತರ ನಡೆಸಿದರು. ತೀರ್ಥಹಳ್ಳಿಯ ಆರಗ ಜ್ಞಾನೇಂದ್ರ 2021ರ ಆಗಸ್ಟ್‌ನಿಂದ 2023ರ ಮೇವರೆಗೆ ಗೃಹ ಸಚಿವರಾಗಿ ಉತ್ತರಿಸುವ ಕಡೆ ಕುಳಿತರು. 2021ರ ಡಿಸೆಂಬರಿನಲ್ಲಿ ಅಕ್ರಮ ಜಾನುವಾರು ಸಾಗಣೆಯ ವಿಚಾರಕ್ಕೆ ಅವರು ದೂರವಾಣಿಯಲ್ಲಿ ಪೊಲೀಸರನ್ನು ತರಾಟೆಗೆ ತೆಗೆದುಕೊಂಡ ವಿಡಿಯೊ ಎಲ್ಲೆಡೆ ಹರಿದಾಡಿತು. ಆ ಮಾತು ಎಲ್ಲ ಪೊಲೀಸರ ಕುರಿತದ್ದಲ್ಲವೆಂದು ಆಮೇಲೆ ಅವರೇ ವಿವರಿಸಿದರು. ನನಗೆ ಕಂಡ ಮಟ್ಟಿಗೆ ಆ ಸಿಟ್ಟು ಪ್ರಾಮಾಣಿಕವಾದದ್ದು. ಗೃಹ ಇಲಾಖೆಯ ಮೇಲ್ತುದಿಯಲ್ಲಿ ಕುಳಿತವರಿಗೂ ತಮ್ಮ ಸೀಮೆಯ ರಾತ್ರಿಯ ರಸ್ತೆ ಕೈಗೆ ಸಿಗಲಿಲ್ಲ ಎಂಬುದು ಅದರಿಂದ ತಿಳಿಯುವ ಸಂಗತಿ.

ಯಾಕೆ ಸಿಗುವುದಿಲ್ಲ ಎಂದರೆ ಹಣದ ಮಾತಿಗೆ ಬರಬೇಕು. ಬಜೆಟ್ಟಿನಲ್ಲಿ ಪೊಲೀಸ್ ವೆಚ್ಚಕ್ಕೆ 2055 ಎಂಬ ಪ್ರಧಾನ ಲೆಕ್ಕಶೀರ್ಷಿಕೆ, ಕಟ್ಟಡಗಳಂಥ ಬಂಡವಾಳ ವೆಚ್ಚಕ್ಕೆ 4055. ಪಶುಸಂಗೋಪನೆಗೆ 2403. ಈ ಶೀರ್ಷಿಕೆಗಳಡಿ ಸಂಬಳ, ವಾಹನ, ಇಂಧನ, ಸಮವಸ್ತ್ರ ಎಲ್ಲ ಬರುತ್ತದೆ. ಠಾಣೆಯ ಜೀಪಿಗೆ ಹಾಕಿದ ಡೀಸೆಲ್ಲಿನಲ್ಲಿ ಎಷ್ಟು ಲೀಟರ್ ಅಪರಾಧ ತಡೆಯಲು, ಎಷ್ಟು ಲೀಟರ್ ಸಚಿವರ ಬೆಂಗಾವಲಿಗೆ ಎಂದು ಬೇರೆ ಮಾಡುವ ಪುಸ್ತಕವಿಲ್ಲ. ಆದ್ದರಿಂದ ‘ಅಪರಾಧ ತಡೆಗೆ ತಾಲ್ಲೂಕುವಾರು ಬಿಡುಗಡೆಯಾದ ಅನುದಾನ’ ಎಂದು ಕೇಳಿದರೆ ‘ಪ್ರತ್ಯೇಕ ಅನುದಾನ ನಿಗದಿಪಡಿಸಿರುವುದಿಲ್ಲ’ ಎಂದೇ ಉತ್ತರಿಸಬೇಕಾಗುತ್ತದೆ. ಮುಂದಿನ ಮೆಟ್ಟಿಲಿಗೆ ಮತ್ತೆ, ‘ಉದ್ಭವಿಸುವುದಿಲ್ಲ’.

ಕೆಲವಕ್ಕೆ ಹೆಸರಿಟ್ಟ ಹಣವಿದೆ. ಪೊಲೀಸ್ ಆಧುನೀಕರಣಕ್ಕೆ ಕೇಂದ್ರ 60, ರಾಜ್ಯ 40 ಎಂಬ ಪಾಲು. 2013ರ ನಿರ್ಭಯಾ ನಿಧಿಯ ದೊಡ್ಡ ಮೊತ್ತ ಬೆಂಗಳೂರಿನ ಸುರಕ್ಷಿತ ನಗರ ಯೋಜನೆಗೆ ಹೋಯಿತು. ಮಲೆನಾಡಿಗೆ ವಿಶೇಷವಾಗಿ ಬಂದದ್ದು ನಕ್ಸಲ್ ನಿಗ್ರಹದ ಹಣ. 2005ರ ನಂತರ ಆಗುಂಬೆ, ನಗರ ಭಾಗದಲ್ಲಿ ನಿಗ್ರಹ ಪಡೆ ಓಡಾಡಿತು, ಠಾಣೆಗಳು ಬಲವಾದವು. 2025ರ ಜನವರಿಯಲ್ಲಿ ಆರು ಮಂದಿ ಮುಖ್ಯಮಂತ್ರಿಯ ಮುಂದೆ ಶರಣಾದ ಮೇಲೆ ಆ ಅಧ್ಯಾಯ ಮುಗಿದಂತೆ. ಆ ಹಣ, ಆ ಸಿಬ್ಬಂದಿ, ಆ ವಾಹನ ಮುಂದೆ ಏನಾಗುತ್ತವೆ ಎಂಬುದು ಈಗ ಕಾಲಕ್ಕೆ ಸರಿಯಾದ ಪ್ರಶ್ನೆ. ಕಾಡಿನ ದಾರಿ ಬಲ್ಲ ಪಡೆ ದನ, ಅಡಿಕೆ, ಗಂಧದ ಕಳ್ಳರ ದಾರಿಯನ್ನೂ ಬಲ್ಲದು.

ಹಣವಿಲ್ಲದ ಜಾಗದಲ್ಲಿ ಆಚರಣೆ ಬರುತ್ತದೆ. ಡಿಸೆಂಬರ್ ಬಂತೆಂದರೆ ಅಪರಾಧ ತಡೆ ಮಾಸಾಚರಣೆ, ಶಾಲಾ ಮಕ್ಕಳ ಜಾಥಾ, ಕರಪತ್ರ. 2025ರ ಜುಲೈನಲ್ಲಿ ‘ಮನೆ ಮನೆಗೆ ಪೊಲೀಸ್’ ಶುರುವಾಯಿತು, ಆಲೋಚನೆ ಚೆನ್ನಾಗಿದೆ. ಆದರೆ ನಮ್ಮಲ್ಲಿ ಒಂದು ಮನೆಯಿಂದ ಇನ್ನೊಂದಕ್ಕೆ ಅರ್ಧ ಮೈಲಿ, ನಡುವೆ ಹಳ್ಳ. ಬೀಟ್ ಪೊಲೀಸ್ ಪೇದೆಗೆ ಮನೆ ಮನೆ ಅಂದರೆ ಏನೆಂದು ಕಾರ್ಗಲ್, ನಗರ, ಮಾಳೂರು, ಆಗುಂಬೆ ಠಾಣೆಗಳಲ್ಲಿ ಕೆಲಸ ಮಾಡಿದವರನ್ನು ಕೇಳಬೇಕು. ಶರಾವತಿ ಹಿನ್ನೀರಿನಾಚೆಯ ತುಮರಿಯ ಕಡೆ ಮೊನ್ನೆಮೊನ್ನೆಯವರೆಗೆ ಪೊಲೀಸರೂ ಲಾಂಚಿನ ವೇಳೆ ನೋಡಿಕೊಂಡೇ ಹೊಳೆ ದಾಟಬೇಕಿತ್ತು. 2025ರ ಜುಲೈ 14ರಂದು ಅಂಬಾರಗೊಡ್ಲು–ಕಳಸವಳ್ಳಿ ಸೇತುವೆ ತೆರೆಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಳುಗಿಸಿದ ದಾರಿ ಮತ್ತೆ ಕೂಡಿಕೊಳ್ಳಲು ಆರು ದಶಕ ಹಿಡಿಯಿತು. ಆ ದ್ವೀಪದಂಥ ಹೋಬಳಿಯಲ್ಲಿ ಅಪರಾಧ ತಡೆಗೆಂದು ಯಾರೂ ಹೆಸರಿಡದ ಈ ಖರ್ಚು, ಹೆಸರಿಟ್ಟ ಎಷ್ಟೋ ಖರ್ಚುಗಳಿಗಿಂತ ಹೆಚ್ಚು ಕೆಲಸ ಮಾಡೀತು. ಕಳ್ಳನಿಗೂ ಅದೇ ಸೇತುವೆಯಿದೆ, ನಿಜ.

ಸಿಸಿಟಿವಿಯ ಲೆಕ್ಕದಲ್ಲಿ ಇನ್ನೊಂದು ಜಾಣತನ ಅಡಗಿದೆ. 2017ರ ಸಾರ್ವಜನಿಕ ಸುರಕ್ಷತಾ ಕಾಯ್ದೆಯ ಪ್ರಕಾರ ಹೆಚ್ಚು ಜನ ಸೇರುವ ಜಾಗಗಳ ಮಾಲೀಕರೇ ಕ್ಯಾಮೆರಾ ಹಾಕಬೇಕು. ಮಂಡಿ, ಕಲ್ಯಾಣ ಮಂದಿರ, ದೇವಸ್ಥಾನ, ಸೊಸೈಟಿ ತಮ್ಮ ದುಡ್ಡಿನಲ್ಲಿ ಹಾಕಿಸುತ್ತವೆ. ಪೊಲೀಸರು ದೃಶ್ಯ ಪಡೆಯುತ್ತಾರೆ. ‘ತಾಲ್ಲೂಕಿನಲ್ಲಿ ಇಷ್ಟು ಕ್ಯಾಮೆರಾ ಇವೆ’ ಎಂಬ ಉತ್ತರದಲ್ಲಿ ಸರ್ಕಾರ ಕೊಂಡದ್ದು ಎಷ್ಟು, ಜನ ಕೊಂಡದ್ದು ಎಷ್ಟು ಎಂದು ಬೇರೆ ಮಾಡಿ ಕೇಳದಿದ್ದರೆ ನಮ್ಮ ದುಡ್ಡು ಅವರ ಸಾಧನೆಯಾಗುತ್ತದೆ.

ಈಗ ತಾಲ್ಲೂಕಿನ ವಿಷಯ. ಹೊಸನಗರ ಕಂದಾಯಕ್ಕೆ ಸಾಗರ ಉಪವಿಭಾಗದಲ್ಲಿದೆ, ಪೊಲೀಸ್ ಲೆಕ್ಕಕ್ಕೆ ತೀರ್ಥಹಳ್ಳಿ ಉಪವಿಭಾಗದಲ್ಲಿ. ವಶಪಡಿಸಿಕೊಂಡ ದನದ ಕಡತ ಒಂದು ದಿಕ್ಕಿಗೆ, ಆರೋಪಿಯ ಕಡತ ಇನ್ನೊಂದು ದಿಕ್ಕಿಗೆ. 2008ರ ಕ್ಷೇತ್ರ ಮರುವಿಂಗಡಣೆಯಲ್ಲಿ ಹೊಸನಗರ ವಿಧಾನಸಭಾ ಕ್ಷೇತ್ರವೇ ಅಳಿಸಿಹೋಯಿತು. ತಾಲ್ಲೂಕಿನ ಒಂದು ಭಾಗ ಸಾಗರಕ್ಕೆ, ಇನ್ನೊಂದು ತೀರ್ಥಹಳ್ಳಿಗೆ. ಸಾಗರದ ತಾಳಗುಪ್ಪ ಹೋಬಳಿ ಸೊರಬ ಕ್ಷೇತ್ರಕ್ಕೆ ಸೇರಿಕೊಂಡಿತು. ಕೆಳದಿ ಅರಸರ ರಾಜಧಾನಿ ಬಿದನೂರು ಇದ್ದ ತಾಲ್ಲೂಕಿಗೆ, ಒಂದು ದೊರೆತನವನ್ನೇ ಅಲ್ಲಾಡಿಸಿದ ದಂಗೆಗೆ ಹೆಸರು ಕೊಟ್ಟ ನಗರಕ್ಕೆ, ತನ್ನದೇ ಹೆಸರಿನ ಶಾಸಕರಿಲ್ಲ. 1881ರಲ್ಲಿ ತಾಲ್ಲೂಕಿನ ಹೆಸರಿನಲ್ಲಿ ಮೈಸೂರಿಗೆ ಹೋಗುತ್ತಿದ್ದ ಅಹವಾಲು ಈಗ ಇಬ್ಬರ ನಡುವೆ ದಾರಿ ಕೇಳಿಕೊಂಡು ಹೋಗಬೇಕು.

ಮಾಹಿತಿ ಹಕ್ಕು ಇದೆಯಲ್ಲ ಎನ್ನಬಹುದು. ಇದೆ. ಅರ್ಜಿಗೆ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದೇ ವಿಷಯ, 150 ಪದಗಳ ಮಿತಿ. ಪ್ರಾಣಿಗೆ ಹಿಂಸೆ ಕೊಟ್ಟವನ ಕನಿಷ್ಠ ದಂಡ ಹತ್ತು ರೂಪಾಯಿ, ಅದರ ಬಗ್ಗೆ ವಿಚಾರಿಸುವವನ ಶುಲ್ಕವೂ ಹತ್ತು ರೂಪಾಯಿ. ಸರ್ಕಾರ ಸಮದರ್ಶಿ.

ನೂರೈವತ್ತು ಪದ ಸಾಕು, ಪದಗಳ ಬೆಲೆ ಗೊತ್ತಿದ್ದರೆ. ಪೊಲೀಸ್ ಭಾಷೆಯಲ್ಲಿ ‘ದಾಖಲಾಗಿದೆ’ ಅಂದರೆ ಎಫ್‌ಐಆರ್ ಆಗಿದೆ, ಅಷ್ಟೇ. ಅಲ್ಲಿಂದ ದೋಷಾರೋಪಣ ಪಟ್ಟಿ, ವಿಚಾರಣೆ, ಶಿಕ್ಷೆ ಅಥವಾ ಖುಲಾಸೆ ಎಂದು ದೂರದ ದಾರಿಯಿದೆ. ಹಣಕಾಸಿನ ಭಾಷೆಯಲ್ಲಿ ‘ಹಂಚಿಕೆ’ ಬೇರೆ, ‘ಬಿಡುಗಡೆ’ ಬೇರೆ, ‘ವೆಚ್ಚ’ ಬೇರೆ. ಮಾರ್ಚ್ 31ರ ರಾತ್ರಿ ಬಿಡುಗಡೆಯಾಗಿ ಏಪ್ರಿಲ್ 1ಕ್ಕೆ ಮರಳಿಹೋದ ಹಣವೂ ಬಿಡುಗಡೆಯಾದದ್ದೇ.

ಮುಂದಿನ ಅಧಿವೇಶನದ ಮುಂಚೆ ಸಾಗರದಲ್ಲೋ ತೀರ್ಥಹಳ್ಳಿಯಲ್ಲೋ ಶಾಸಕರ ಕಚೇರಿಗೆ ಹೋಗುವವರು ಒಂದು ಚೀಟಿಯಲ್ಲಿ ಇಷ್ಟು ಬರೆದುಕೊಂಡು ಹೋಗಿ. ಠಾಣೆಯ ಹೆಸರು ಹೇಳಿ, ತಾಲ್ಲೂಕು ಎನ್ನಬೇಡಿ. ಕಳೆದ ಮೂರು ವರ್ಷದಲ್ಲಿ ಆ ಠಾಣೆಯಲ್ಲಿ 1960ರ ಕಾಯ್ದೆಯಡಿ, 2020ರ ಕಾಯ್ದೆಯಡಿ, 325ನೇ ಸೆಕ್ಷನ್ ಅಡಿ ಬೇರೆ ಬೇರೆಯಾಗಿ ದಾಖಲಾದವೆಷ್ಟು, ಶಿಕ್ಷೆಯಾದವೆಷ್ಟು, ಮೂರು ತಿಂಗಳ ಅವಧಿ ಮೀರಿ ಬಿದ್ದುಹೋದವೆಷ್ಟು. ಆ ಠಾಣೆಗೆ ಮಂಜೂರಾದ ಹುದ್ದೆ ಎಷ್ಟು, ತುಂಬಿದ್ದು ಎಷ್ಟು, ಗಸ್ತಿನ ವಾಹನದ ಇಂಧನಕ್ಕೆ ಆದ ವೆಚ್ಚ ಎಷ್ಟು. ಎಪಿಎಂಸಿ ಪ್ರಾಂಗಣದಲ್ಲಿ ವಸೂಲಾದ ಶುಲ್ಕವೆಷ್ಟು, ಅದರಲ್ಲಿ ಕಾವಲಿಗೆ ಹೋದದ್ದೆಷ್ಟು. ಎಲ್ಲವೂ ‘ಎಷ್ಟು’ ಎಂದೇ ಮುಗಿಯಲಿ. (ಅ)ದಲ್ಲಿ ‘ಗಮನಕ್ಕೆ ಬಂದಿದೆಯೇ’ ಎಂದು ಮಾತ್ರ ಬರೆಸಬೇಡಿ.